ಎಳೆಯ ಮಕ್ಕಳ ಭೇದಿ: ಒಂದು ವೈರಸ್ಸು, ಐದು ಹನಿ ಲಸಿಕೆ, ಒಂದು ಪೊಟ್ಟಣ



ಹತ್ತು ತಿಂಗಳ ಮಗು, ತೂಕ ಎಂಟು ಕಿಲೋ. ನಸುಕಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿತು, ಮೈ ಬೆಚ್ಚಗಾಯಿತು. ಹೊತ್ತೇರುವಷ್ಟರಲ್ಲಿ ಭೇದಿ ಹಿಡಿಯಿತು. ರಕ್ತವಿಲ್ಲ, ಬರೀ ನೀರು. ಸಂಜೆಯೊಳಗೆ ಹತ್ತು ಸಲ ಆಯಿತು. ‘ಹಲ್ಲು ಬರೋ ಕಾಲ, ಹಾಗೇ ಆಗತ್ತೆ’ ಅನ್ನುತ್ತಾರೆ ಅಜ್ಜಿ. ಪಕ್ಕದ ಮನೆಯವರು ದೃಷ್ಟಿ ತೆಗೆಯಿರಿ ಅನ್ನುತ್ತಾರೆ. ತಾಯಿ ಏನೋ ತಿನ್ನಬಾರದ್ದು ತಿಂದಿದ್ದಾಳೆ ಎಂದು ಮತ್ತೊಬ್ಬರು ಅವಳ ಮೇಲೇ ತಪ್ಪು ಹೊರಿಸುತ್ತಾರೆ. ಕರ್ನಾಟಕದ ಯಾವ ಊರಿಗೆ ಹೋದರೂ ಈ ಮಾತುಗಳು ಕಿವಿಗೆ ಬೀಳುತ್ತವೆ. ಹಲ್ಲು ಬರುವ ವಯಸ್ಸೂ ಈ ಭೇದಿ ಬರುವ ವಯಸ್ಸೂ ಒಂದೇ ಅನ್ನುವುದು ನಿಜ. ಆ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹುಟ್ಟುವಾಗ ತಾಯಿಯಿಂದ ಪಡೆದು ಬಂದ ರಕ್ಷಣೆಯೂ ಅಷ್ಟರಲ್ಲಿ ಇಳಿದಿರುತ್ತದೆ. ಹಲ್ಲಿಗೂ ಭೇದಿಗೂ ಅಷ್ಟೇ ನಂಟು. ಹೆಚ್ಚಿನ ಸಲ ಕಾರಣ, ಬಾಯಿಯ ಮೂಲಕ ಕರುಳನ್ನು ಹೊಕ್ಕ ಒಂದು ವೈರಸ್ಸು.

ಮಗು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ನೀರು ಕಳೆದುಕೊಂಡರೆ ಅದನ್ನು ವೈದ್ಯರು ತೀವ್ರ ನಿರ್ಜಲೀಕರಣ ಅನ್ನುತ್ತಾರೆ. ಎಂಟು ಕಿಲೋದಲ್ಲಿ ಹತ್ತರಲ್ಲೊಂದು ಅಂದರೆ 800 ಮಿಲಿಲೀಟರು; ಒಂದು ಲೀಟರಿನ ಬಾಟಲಿಯೂ ತುಂಬುವುದಿಲ್ಲ. ವಾಂತಿ, ಭೇದಿ, ಜ್ವರ ಮೂರೂ ಸೇರಿದರೆ ಅಷ್ಟು ನೀರು ಒಂದು ಹಗಲು ಒಂದು ರಾತ್ರಿಯಲ್ಲಿ ಹೋಗಿಬಿಡಬಹುದು. ಕಣ್ಣು ಗುಳಿಬೀಳುತ್ತದೆ, ನೆತ್ತಿ ಕುಸಿಯುತ್ತದೆ, ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಕೂಡಲೇ ಇಳಿಯುವುದಿಲ್ಲ. ಅತ್ತರೆ ಕಣ್ಣೀರು ಬರುವುದಿಲ್ಲ. ಆಮೇಲೆ ಅಳುವುದೂ ನಿಲ್ಲುತ್ತದೆ. ‘ಪಾಪ, ಈಗ ಸುಮ್ಮನಾಯಿತು, ನಿದ್ದೆ ಹತ್ತಿತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ಆಗಲೇ. ಮಗು ಎಲ್ಲಕ್ಕಿಂತ ಹೆಚ್ಚಿನ ಅಪಾಯದಲ್ಲಿರುವುದೂ ಆಗಲೇ. ಪ್ರಾಣ ಹೋಗುವುದು ನೀರು, ಉಪ್ಪು ಹೋದದ್ದರಿಂದ. ವೈರಸ್ಸನ್ನು ಕೊಲ್ಲುವ ಔಷಧಿ ವೈದ್ಯರ ಬಳಿ ಇಲ್ಲ, ಅದರ ಅಗತ್ಯವೂ ಇಲ್ಲ. ಹೋದ ನೀರನ್ನು ಹೋದ ಹಾಗೆಯೇ ತುಂಬುತ್ತಿದ್ದರೆ ಕರುಳು ತಾನಾಗಿ ರಿಪೇರಿಯಾಗುತ್ತದೆ. ಈ ಉಪನ್ಯಾಸ ಹೇಳಬೇಕೆಂದಿರುವುದು ಇಷ್ಟೇ. ಆದರೆ ಇಷ್ಟನ್ನು ತಿಳಿಯಲು ಜಗತ್ತಿಗೆ ಎಷ್ಟು ಕಾಲ ಬೇಕಾಯಿತು, ಅದರಲ್ಲಿ ನಮ್ಮ ದೇಶದ, ನಮ್ಮ ಬೆಂಗಳೂರಿನ ಪಾಲೇನು, ತಿಳಿದ ಮೇಲೂ ಆ ತಿಳಿವಳಿಕೆ ಮಗುವಿನ ಬಾಯಿಯವರೆಗೆ ಏಕೆ ತಲುಪುತ್ತಿಲ್ಲ ಅನ್ನುವುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಜಗತ್ತಿನಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಲೆಕ್ಕ. ಕಾಲರಾ, ಶಿಗೆಲ್ಲ, ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳೂ ಭೇದಿ ತರುತ್ತವೆ, ಕೆಲವು ಪರಾವಲಂಬಿ ಜೀವಿಗಳೂ ತರುತ್ತವೆ. ಎಳೆಯ ಮಕ್ಕಳ ನೀರುಭೇದಿಯಲ್ಲಿ ಮಾತ್ರ ವೈರಸ್ಸುಗಳ ಪಾಲು ಬಹಳ ದೊಡ್ಡದು. ರೋಟಾ, ನೋರೋ, ಆಸ್ಟ್ರೋ, ಸಪೋ, ಅಡೆನೋ ವೈರಸ್ಸಿನ 40 ಮತ್ತು 41ನೆಯ ಬಗೆಗಳು ಇವುಗಳಲ್ಲಿ ಮುಖ್ಯ. ಭಾರತದ ಹಲವು ಆಸ್ಪತ್ರೆಗಳು ಸೇರಿ 2005ರ ಡಿಸೆಂಬರಿನಿಂದ 2007ರ ನವೆಂಬರಿನವರೆಗೆ, ಭೇದಿಯಿಂದ ದಾಖಲಾದ ಐದು ವರ್ಷದೊಳಗಿನ ಮಕ್ಕಳ ಮಲ ಪರೀಕ್ಷೆ ನಡೆಸಿದವು. ನೂರರಲ್ಲಿ 39 ಮಕ್ಕಳಲ್ಲಿ ಸಿಕ್ಕಿದ್ದು ಒಂದೇ ವೈರಸ್ಸು, ರೋಟಾ. ಲಸಿಕೆ ಬರುವ ಮುಂಚೆ ದೇಶದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ಇದರಿಂದ ಸಾಯುತ್ತಿದ್ದರು, 8.7 ಲಕ್ಷ ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸತ್ತವರಲ್ಲಿ ಮುಕ್ಕಾಲು ಪಾಲು ಎರಡು ವರ್ಷ ತುಂಬದವರು.

ಇಷ್ಟು ದೊಡ್ಡ ಕೊಲೆಗಾರನ ಮುಖ 1973ರವರೆಗೆ ಯಾವ ವೈದ್ಯರಿಗೂ ಗೊತ್ತಿರಲಿಲ್ಲ. ಭೇದಿ ಹತ್ತಿದ ಮಗುವಿನ ಮಲವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬಹುಪಾಲು ಸಲ ‘ಏನೂ ಸಿಕ್ಕಿಲ್ಲ’ ಎಂಬ ಉತ್ತರ ಬರುತ್ತಿತ್ತು. ಮೆಲ್ಬರ್ನಿನ ರಾಯಲ್ ಚಿಲ್ಡ್ರನ್ಸ್ ಹಾಸ್ಪಿಟಲ್‌ನಲ್ಲಿ ರೂತ್ ಬಿಷಪ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಗೆ ಈ ಉತ್ತರ ಸಾಕಾಗಲಿಲ್ಲ. ಮಲದಲ್ಲಿ ಸಿಗದಿದ್ದರೆ ಕರುಳಿನ ಒಳಪದರದಲ್ಲೇ ಹುಡುಕೋಣ ಎಂದು ಅವರೂ ಸಹೋದ್ಯೋಗಿಗಳೂ ಭೇದಿಯಿಂದ ದಾಖಲಾಗಿದ್ದ ಒಂಬತ್ತು ಮಕ್ಕಳ ಸಣ್ಣ ಕರುಳಿನ ಮೇಲ್ಭಾಗದಿಂದ ಸಾಸಿವೆಗಿಂತ ದೊಡ್ಡದಲ್ಲದ ಚೂರುಗಳನ್ನು ತೆಗೆದು, ಮೆಲ್ಬರ್ನ್ ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಆರು ಮಕ್ಕಳ ಚೂರುಗಳಲ್ಲಿ, ಜೀವಕೋಶಗಳ ಒಳಗೇ, ದುಂಡನೆಯ ಕಣಗಳು ಗುಂಪುಗುಂಪಾಗಿ ತುಂಬಿಕೊಂಡಿದ್ದವು. ಆಗಷ್ಟೇ ಭೇದಿ ಹಿಡಿದ ಮಕ್ಕಳಲ್ಲಿ ಅವು ಇದ್ದವು. ಚೇತರಿಸಿಕೊಂಡ ಮೇಲೆ ಅವರಲ್ಲಿ ಕೆಲವರಿಂದ ತೆಗೆದ ಚೂರಿನಲ್ಲಿ ಇರಲಿಲ್ಲ. ‘ಲ್ಯಾನ್ಸೆಟ್’ ಪತ್ರಿಕೆ ಅದೇ ವರ್ಷ ಈ ವರದಿಯನ್ನು ಪ್ರಕಟಿಸಿತು. ಕಣದ ಆಕಾರ ಚಕ್ರವನ್ನು ಹೋಲುತ್ತದೆಂದು ಬರ್ಮಿಂಗ್‌ಹ್ಯಾಮಿನ ಥಾಮಸ್ ಫ್ಲೆವೆಟ್ ಅದಕ್ಕೆ ರೋಟಾ ಎಂಬ ಹೆಸರು ಸೂಚಿಸಿದರು. ಏನನ್ನು ಹುಡುಕಬೇಕೆಂದು ಗೊತ್ತಾದ ಮೇಲೆ ಮಕ್ಕಳ ಕರುಳಿನ ಚೂರು ತೆಗೆಯುವ ಅಗತ್ಯವೇ ಉಳಿಯಲಿಲ್ಲ, ಮಲದಲ್ಲೇ ಅವು ಕೋಟಿಗಟ್ಟಲೆ ಕಂಡವು. ಕೆಲವೇ ವರ್ಷಗಳಲ್ಲಿ ಜಗತ್ತಿನ ಮೂಲೆಮೂಲೆಯಿಂದ ಅದೇ ಚಿತ್ರಗಳು ಬಂದವು.

ಕರುಳಿನೊಳಗೆ ಈ ವೈರಸ್ಸು ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಚಿಕಿತ್ಸೆಯ ಗುಟ್ಟು ಅಲ್ಲೇ ಇದೆ. ಸಣ್ಣ ಕರುಳಿನ ಒಳಮೈ ದಪ್ಪ ಟವೆಲಿನ ಹಾಗಿದೆ. ಲಕ್ಷಾಂತರ ಎಳೆಗಳು ಎದ್ದು ನಿಂತಿರುತ್ತವೆ. ನೀರು, ಉಪ್ಪು, ಸಕ್ಕರೆಯನ್ನು ಹೀರಿಕೊಳ್ಳುವುದು ಆ ಎಳೆಗಳ ತುದಿಯಲ್ಲಿರುವ ಬಲಿತ ಜೀವಕೋಶಗಳು. ರೋಟಾ ವೈರಸ್ಸು ಆರಿಸಿಕೊಳ್ಳುವುದು ಅವನ್ನೇ. ಬಲಿತ ಕೋಶಗಳು ಉದುರುತ್ತವೆ, ಎಳೆ ಮೊಟಕಾಗುತ್ತದೆ, ಹೀರುವ ಕೆಲಸ ಕುಂಠಿತವಾಗುತ್ತದೆ. ಇದಿಷ್ಟೇ ಅಲ್ಲ, ವೈರಸ್ಸು ತಯಾರಿಸುವ ಒಂದು ಪ್ರೋಟೀನು ವಿಷದಂತೆ ವರ್ತಿಸಿ ಕರುಳಿನಿಂದ ನೀರನ್ನು ಹೊರದೂಡುತ್ತದೆ ಎಂದು ಮೇರಿ ಎಸ್ಟೆಸ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು. ವೈರಸ್ಸೊಂದು ಕರುಳಿಗೆ ವಿಷ ಹಾಕುತ್ತದೆ ಎಂಬುದು ಆವರೆಗೆ ಯಾರೂ ಕಾಣದಿದ್ದ ಸಂಗತಿ. ಆದರೆ ಎಳೆಗಳ ಬುಡದಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಕುಳಿಗಳಿವೆ. ವೈರಸ್ಸಿನ ದಾಳಿ ಮುಖ್ಯವಾಗಿ ಅಲ್ಲಿಗೆ ಇಳಿಯುವುದಿಲ್ಲ. ಬುಡದಿಂದ ಹೊಸ ಕೋಶಗಳು ಮೇಲೇರಿ ಬರುತ್ತವೆ, ಕೆಲವೇ ದಿನಗಳಲ್ಲಿ ಎಳೆ ಮತ್ತೆ ಬೆಳೆಯುತ್ತದೆ. ಮೂರರಿಂದ ಎಂಟು ದಿನಗಳಲ್ಲಿ ಭೇದಿ ತಾನಾಗಿ ನಿಲ್ಲುವುದು ಹೀಗೆ. ಮೂರನೆಯ ದಿನ ಕೊಟ್ಟ ಔಷಧಿಗೆ ನಾಲ್ಕನೆಯ ದಿನ ‘ಗುಣ’ ಕಂಡರೆ ಆ ಕೀರ್ತಿ ಬಹಳ ಸಲ ಸಲ್ಲಬೇಕಾದ್ದು ಕರುಳಿನ ಬುಡದ ಕೋಶಗಳಿಗೆ.

ಇನ್ನೊಂದು ಸಂಗತಿ. ಈ ವೈರಸ್ಸು ಬಡವರ ಮನೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಲಸಿಕೆ ಬರುವ ಮುನ್ನ ಅಮೆರಿಕದಲ್ಲೂ ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ರೋಟಾ ಸೋಂಕು ತಗಲುತ್ತಿತ್ತು. ವರ್ಷಕ್ಕೆ 55,000ದಿಂದ 70,000 ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು. ಸಾಯುತ್ತಿದ್ದವರು ಮಾತ್ರ 20ರಿಂದ 60. ಶುದ್ಧ ನೀರು, ಶೌಚಾಲಯ, ಸೋಪು ಇವೆಲ್ಲ ಬೇಕೇಬೇಕು; ಬ್ಯಾಕ್ಟೀರಿಯಾದ ಭೇದಿಯನ್ನು ಅವು ಬಹಳ ತಗ್ಗಿಸಿವೆ. ಆದರೆ ಸೋಂಕಿತ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ಕಣಗಳಿರಬಹುದು, ಇನ್ನೊಂದು ಮಗುವಿಗೆ ಅಂಟಲು ನೂರಕ್ಕಿಂತ ಕಡಿಮೆ ಕಣ ಸಾಕು. ಆಟಿಕೆಯ ಮೇಲೆ, ಬಾಗಿಲ ಹಿಡಿಯ ಮೇಲೆ, ಡಯಾಪರ್ ಬದಲಿಸಿದ ಕೈಯ ಮೇಲೆ ಅಷ್ಟು ಉಳಿಯುವುದು ಕಷ್ಟವಲ್ಲ. ಹಾಗಾಗಿ ಮಗುವಿಗೆ ಭೇದಿ ಬಂತೆಂದರೆ ಆ ಮನೆ ಕೊಳಕು, ಆ ತಾಯಿ ಅಜಾಗರೂಕಳು ಎಂದು ತೀರ್ಮಾನಿಸುವುದು ಅನ್ಯಾಯ. ಸೋಂಕು ಎಲ್ಲರ ಮನೆಗೂ ಬರುತ್ತದೆ, ಸಾವು ಮಾತ್ರ ಆಸ್ಪತ್ರೆ ದೂರವಿದ್ದ, ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪೊಟ್ಟಣ (ಓಆರ್‌ಎಸ್) ಸಿಗದ, ಮೊದಲೇ ಸೊರಗಿದ ಮಗುವಿನ ಮನೆಗೆ ಬರುತ್ತದೆ. ಮಳೆಗಾಲ ಮುಗಿಯಿತು, ಇನ್ನು ಚಿಂತೆಯಿಲ್ಲ ಅನ್ನುವ ಹಾಗೂ ಇಲ್ಲ. ಭಾರತದಲ್ಲಿ, ಅದರಲ್ಲೂ ಉತ್ತರದಲ್ಲಿ, ರೋಟಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಳಿಯ ಒಣ ತಿಂಗಳುಗಳಲ್ಲಿ.

ಒಮ್ಮೆ ಸೋಂಕು ಬಂದು ಹೋದರೆ ಮುಂದೆ ರಕ್ಷಣೆ ಸಿಗುತ್ತದೆಯೆ? ಲಸಿಕೆಯ ಇಡೀ ಕಲ್ಪನೆ ಈ ಪ್ರಶ್ನೆಯ ಮೇಲೆ ನಿಂತಿದೆ. ಮೆಕ್ಸಿಕೋದಲ್ಲಿ 200 ಮಕ್ಕಳನ್ನು ಹುಟ್ಟಿನಿಂದ ಎರಡು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನ 1996ರಲ್ಲಿ ಹೊರಬಂತು: ಎರಡು ಸಲ ಸೋಂಕು ಆದ ಮಗುವಿಗೆ ಮತ್ತೆ ತೀವ್ರ ಭೇದಿ ಬರಲೇ ಇಲ್ಲ. ವೆಲ್ಲೂರಿನ ಕೊಳೆಗೇರಿಗಳಲ್ಲಿ ಗಗನ್‌ದೀಪ್ ಕಾಂಗ್ ಮತ್ತು ಅವರ ಸಂಗಡಿಗರು 373 ಮಕ್ಕಳನ್ನು ಮೂರು ವರ್ಷ ಹಾಗೆಯೇ ಗಮನಿಸಿದರು. ಅಲ್ಲಿ ಕಂಡದ್ದು ಬೇರೆ. ಆರು ತಿಂಗಳು ತುಂಬುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗಲಿತ್ತು, ಮೂರು ಸಲ ಸೋಂಕಾದ ಮೇಲೂ ರಕ್ಷಣೆ ನೂರಕ್ಕೆ 79 ಮಾತ್ರ. ನಮ್ಮ ಮಕ್ಕಳಿಗೆ ವೈರಸ್ಸು ಬೇಗ ಬರುತ್ತದೆ, ಮತ್ತೆಮತ್ತೆ ಬರುತ್ತದೆ, ಅವರ ದೇಹ ಕಲಿಯುವುದು ನಿಧಾನ. ಬೇರೆ ದೇಶದ ಲಸಿಕೆ ಅಲ್ಲಿ ಕೊಟ್ಟ ಫಲವನ್ನೇ ಇಲ್ಲಿ ಕೊಡುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಭಾರತದ ಲಸಿಕೆಯ ಕತೆ ಶುರುವಾಗುವುದು ಭೇದಿಯೇ ಬಾರದ ಶಿಶುಗಳಿಂದ. ಹೆರಿಗೆ ವಾರ್ಡಿನ ನವಜಾತ ಶಿಶುಗಳ ಮಲದಲ್ಲಿ ರೋಟಾ ಇರುತ್ತದೆ, ಆದರೆ ಅವು ಆರಾಮಾಗಿ ಹಾಲು ಕುಡಿದುಕೊಂಡಿರುತ್ತವೆ ಎಂಬುದನ್ನು ಮೆಲ್ಬರ್ನಿನಲ್ಲೇ ಮೊದಲು ಗಮನಿಸಿದ್ದರು. ಅಂಥ ಶಿಶುಗಳನ್ನು ಮೂರು ವರ್ಷ ಹಿಂಬಾಲಿಸಿದ ರೂತ್ ಬಿಷಪ್, ಅವಕ್ಕೆ ಮುಂದೆ ಸೋಂಕು ತಗಲಿದರೂ ಕಾಯಿಲೆ ಜೋರಾಗುವುದಿಲ್ಲ ಎಂದು 1983ರಲ್ಲಿ ಬರೆದರು. ಆ ಹೊತ್ತಿಗೆ ದಿಲ್ಲಿಯ ಏಮ್ಸ್‌ನಲ್ಲಿದ್ದ ಮಕ್ಕಳ ವೈದ್ಯ ಮಹಾರಾಜ ಕಿಶನ್ ಭಾನ್ ಅವರ ತಂಡಕ್ಕೂ ನವಜಾತ ಶಿಶುಗಳಲ್ಲಿ ಇದೇ ರೀತಿಯ ನಿರುಪದ್ರವಿ ತಳಿಯೊಂದು ಸಿಕ್ಕಿತು. ಅದಕ್ಕೆ 116ಇ ಎಂಬ ಗುರುತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ಪ್ರಯೋಗಾಲಯ ನಮ್ಮ ಹೆರಿಗೆ ಆಸ್ಪತ್ರೆಗಳ ಶಿಶುಗಳಿಂದ ಮತ್ತೊಂದನ್ನು ಹೆಕ್ಕಿತು: ಐ321. ಅದರ ವಂಶವಾಹಿಗಳನ್ನು ಓದಿ ನೋಡಿದಾಗ ಬೆರಗು ಕಾದಿತ್ತು. ರೋಟಾ ವೈರಸ್ಸಿಗೆ ಹನ್ನೊಂದು ತುಂಡು ವಂಶವಾಹಿಗಳಿವೆ. ಬೆಂಗಳೂರಿನ ಈ ತಳಿಯಲ್ಲಿ ಒಂಬತ್ತು ತುಂಡು ದನದ ರೋಟಾ ವೈರಸ್ಸಿನವು, ಎರಡು ಮನುಷ್ಯನ ವೈರಸ್ಸಿನವು. ದನವೂ ಮನುಷ್ಯರೂ ಒಂದೇ ಅಂಗಳ ಹಂಚಿಕೊಂಡು ಬಾಳುವ ನಾಡಿನಲ್ಲಿ ಎರಡು ವೈರಸ್ಸುಗಳು ಎಲ್ಲೋ ಒಂದು ಕರುಳಿನಲ್ಲಿ ಸಂಧಿಸಿ ತುಂಡು ಬದಲಾಯಿಸಿಕೊಂಡಿದ್ದವು.

ದಿಲ್ಲಿಯದು, ಬೆಂಗಳೂರಿನದು ಎರಡನ್ನೂ ಲಸಿಕೆಯಾಗಿ ಪಳಗಿಸುವ ಕೆಲಸ ಶುರುವಾಯಿತು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಆರೋಗ್ಯ ಸಂಸ್ಥೆಗಳು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಹೈದರಾಬಾದಿನ ಭಾರತ್ ಬಯೋಟೆಕ್ ಕೈಜೋಡಿಸಿದವು. ದಿಲ್ಲಿಯ ಶಿಶುಗಳಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಪರೀಕ್ಷೆಯ ಫಲ 2006ರಲ್ಲಿ ಪ್ರಕಟವಾಯಿತು. 116ಇ ಪಡೆದ ಶಿಶುಗಳಲ್ಲಿ ನೂರಕ್ಕೆ 73ರಷ್ಟು ರಕ್ಷಕ ಪ್ರತಿಕ್ರಿಯೆ ತೋರಿದರೆ, ಐ321 ಪಡೆದವರಲ್ಲಿ 39 ಮಾತ್ರ. ಬೆಂಗಳೂರಿನ ತಳಿ ಅಲ್ಲಿಗೆ ನಿಂತಿತು. ಅದನ್ನು ಸೋಲು ಅನ್ನುವುದು ತಪ್ಪು. ಎರಡು ದಾರಿಯಲ್ಲಿ ಒಂದನ್ನು ಬಿಡಬೇಕೆಂದು ನಿಖರವಾಗಿ ತಿಳಿಸಿಕೊಟ್ಟದ್ದೂ ವಿಜ್ಞಾನದ ಕೆಲಸವೇ. ಲಸಿಕೆಯ ಚರಿತ್ರೆಯಲ್ಲಿ ಬೆಂಗಳೂರಿನ ಆ ಶಿಶುಗಳಿಗೂ ಒಂದು ಸಾಲು ಸಲ್ಲಬೇಕು.

ಈ ನಡುವೆ ಅಮೆರಿಕದಲ್ಲಿ ನಡೆದದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಜಗತ್ತಿನ ಮೊದಲ ರೋಟಾ ಲಸಿಕೆ ‘ರೋಟಾಶೀಲ್ಡ್’ 1998ರ ಆಗಸ್ಟಿನಲ್ಲಿ ಪರವಾನಗಿ ಪಡೆಯಿತು, 1999ರ ಅಕ್ಟೋಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಲಸಿಕೆ ಪಡೆದ ಕೆಲವು ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವ ತೊಂದರೆ ಕಾಣಿಸಿತ್ತು. ಪ್ರಮಾಣ ಸುಮಾರು ಹತ್ತು ಸಾವಿರಕ್ಕೆ ಒಂದು. ರೋಟಾದಿಂದ ವರ್ಷಕ್ಕೆ ಕೆಲವೇ ಡಜನ್ ಮಕ್ಕಳನ್ನು ಕಳೆದುಕೊಳ್ಳುವ ದೇಶಕ್ಕೆ ಆ ನಿರ್ಧಾರ ಸರಿಯಾದದ್ದೇ. ಭಾರತದ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಸುಮಾರು 2.5 ಕೋಟಿ ಶಿಶುಗಳು ಹುಟ್ಟುವ ಇಲ್ಲಿ ಹತ್ತು ಸಾವಿರಕ್ಕೊಂದು ಅಂದರೆ 2,500 ಮಕ್ಕಳಿಗೆ ಆ ತೊಂದರೆ. ಬೇಗ ಆಸ್ಪತ್ರೆ ತಲುಪಿದರೆ ಅವರಲ್ಲಿ ಹೆಚ್ಚಿನವರು ಉಳಿಯುತ್ತಾರೆ. ಮತ್ತೊಂದು ತಟ್ಟೆಯಲ್ಲಿ 78,000 ಸಾವು. ಆದರೂ ಶ್ರೀಮಂತ ದೇಶ ಬೇಡವೆಂದ ಲಸಿಕೆಯನ್ನು ಬಡ ದೇಶದ ಯಾವ ಮಂತ್ರಿಯೂ ತನ್ನ ಮಕ್ಕಳಿಗೆ ಹಾಕಿಸಲು ಸಿದ್ಧನಿರಲಿಲ್ಲ. ಆ ಸಂಕೋಚ ಅರ್ಥವಾಗುವಂಥದ್ದು, ಅದರ ಬೆಲೆ ತೆತ್ತವರು ಮಾತ್ರ ಶಿಶುಗಳು. ಹೊಸ ಲಸಿಕೆಗಳಾದ ರೋಟಾರಿಕ್ಸ್, ರೋಟಾಟೆಕ್ ಎರಡನ್ನೂ ತಲಾ ಅರವತ್ತು ಸಾವಿರಕ್ಕೂ ಮೀರಿದ ಶಿಶುಗಳಲ್ಲಿ ಪರೀಕ್ಷಿಸಿ, ಸುರಕ್ಷಿತವೆಂದು ಖಾತ್ರಿ ಮಾಡಿಕೊಂಡು 2006ರಲ್ಲಿ ಫಲಿತಾಂಶ ಪ್ರಕಟಿಸುವವರೆಗೆ ಕಾಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ರೋಟಾ ಲಸಿಕೆಯನ್ನು ಶಿಫಾರಸು ಮಾಡಿದ್ದು 2009ರಲ್ಲಿ.

116ಇ ತಳಿಯಿಂದ ಮಾಡಿದ ‘ರೋಟಾವ್ಯಾಕ್’ ಅಂತಿಮ ಹಂತದ ಪರೀಕ್ಷೆಗೆ ಬಂದದ್ದು 2011ರಲ್ಲಿ. ದಿಲ್ಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳು ಅದರಲ್ಲಿ ಸೇರಿದ್ದವು. ತೀವ್ರ ರೋಟಾ ಭೇದಿಯನ್ನು ಲಸಿಕೆ ಮೊದಲ ವರ್ಷದಲ್ಲಿ ನೂರಕ್ಕೆ 56ರಷ್ಟು ತಡೆಯಿತು. ಬೆಲೆ ಡೋಸಿಗೆ ಒಂದು ಡಾಲರ್ ಎಂದು ತಯಾರಕರು ಘೋಷಿಸಿದರು. ಆಗ ಖಾಸಗಿ ಆಸ್ಪತ್ರೆಗಳಲ್ಲಿ ವಿದೇಶಿ ಲಸಿಕೆಗೆ ಕೊಡಬೇಕಿದ್ದ ಹಣಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. 2014ರಲ್ಲಿ ಪರವಾನಗಿ ಸಿಕ್ಕಿತು. 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಆಂಧ್ರಪ್ರದೇಶ, ಒಡಿಶಾ ರಾಜ್ಯಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, 2019ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ದೇಶವನ್ನೆಲ್ಲ ಮುಟ್ಟಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ರೋಟಾಸಿಲ್’ ಕೂಡ ಜೊತೆಗೂಡಿತು. ತನ್ನ ದುಡಿಮೆಯ ಫಲ ಎಲ್ಲ ರಾಜ್ಯಗಳನ್ನೂ ತಲುಪಿದ್ದನ್ನು ಕಂಡ ಮೇಲೆ, 2020ರ ಜನವರಿಯಲ್ಲಿ ಭಾನ್ ತೀರಿಕೊಂಡರು. ರೂತ್ ಬಿಷಪ್ 2022ರಲ್ಲಿ.

ನೂರಕ್ಕೆ 56 ಅಂದರೆ ಕಡಿಮೆಯಾಯಿತಲ್ಲ ಎಂದು ಕೇಳುವವರಿದ್ದಾರೆ. ಯೂರೋಪು, ಅಮೆರಿಕಗಳಲ್ಲಿ ರೋಟಾ ಲಸಿಕೆಗಳ ಫಲ 85ಕ್ಕೂ ಮೇಲಿದೆ ಎನ್ನುವುದು ನಿಜ. ಅದೇ ವಿದೇಶಿ ಲಸಿಕೆಗಳನ್ನು ಆಫ್ರಿಕಾ, ಏಷ್ಯಾದ ಬಡ ಪ್ರದೇಶಗಳಲ್ಲಿ ಕೊಟ್ಟಾಗ ಫಲ ಇಳಿಯಿತು ಎನ್ನುವುದೂ ನಿಜ. ತಾಯಿಯಿಂದ ಬಂದ ಪ್ರತಿಕಾಯಗಳು, ಕರುಳಿನಲ್ಲಿ ಮೊದಲೇ ಮನೆಮಾಡಿದ ಇತರ ಸೋಂಕುಗಳು, ಅಪೌಷ್ಟಿಕತೆ ಹೀಗೆ ಹಲವು ಕಾರಣಗಳನ್ನು ವಿಜ್ಞಾನಿಗಳು ಮುಂದಿಡುತ್ತಾರೆ. ಆದರೆ ಕಾಯಿಲೆ ಎಲ್ಲಿ ಹೆಚ್ಚೋ ಅಲ್ಲಿ ಅರ್ಧ ರಕ್ಷಣೆಯೂ ಹೆಚ್ಚು ಜೀವ ಉಳಿಸುತ್ತದೆ. ಲಸಿಕೆ ಬಂದ ಮೇಲೆ ಒಂಬತ್ತು ರಾಜ್ಯಗಳ ಆಸ್ಪತ್ರೆಗಳಲ್ಲಿ ನೋಡಿದಾಗ, ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾದ ಪಾಲು ಮೊದಲಿದ್ದ ನೂರಕ್ಕೆ ನಲವತ್ತರಿಂದ ಇಪ್ಪತ್ತರ ಹತ್ತಿರಕ್ಕೆ ಇಳಿದಿತ್ತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಪೋಲಿಯೋ ಹನಿಯ ಜೊತೆಯಲ್ಲೇ, ಪುಕ್ಕಟೆಯಾಗಿ ಸಿಗುವ ಈ ಲಸಿಕೆಯನ್ನು ಬಾಯಿಗೆ ಹಾಕುತ್ತಾರೆ. ರೋಟಾವ್ಯಾಕ್ ಆದರೆ ಐದು ಹನಿ. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಚೌಕವಿದೆ. ಆ ಚೌಕ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು.

ರೋಟಾ ಹಿಂದೆ ಸರಿದ ಜಾಗಕ್ಕೆ ನೋರೋ ಬರುತ್ತಿದೆ. ಅಮೆರಿಕದ ಓಹಾಯೋದ ನಾರ್ವಾಕ್ ಪಟ್ಟಣದ ಶಾಲೆಯೊಂದರಲ್ಲಿ 1968ರಲ್ಲಿ ಎರಡೇ ದಿನಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳೂ ಶಿಕ್ಷಕರೂ ವಾಂತಿ ಮಾಡಿಕೊಂಡು ಮಲಗಿದ್ದರು. ಅಲ್ಲಿಂದ ಉಳಿಸಿಟ್ಟ ಮಾದರಿಯಲ್ಲಿ ಆಲ್ಬರ್ಟ್ ಕಪಿಕಿಯಾನ್ 1972ರಲ್ಲಿ ಈ ಪುಟ್ಟ ವೈರಸ್ಸನ್ನು ಕಂಡರು. ಭೇದಿ ತರುವ ವೈರಸ್ಸೊಂದು ಕಣ್ಣಿಗೆ ಬಿದ್ದದ್ದು ಅದೇ ಮೊದಲು. ರೋಟಾ ಲಸಿಕೆ ಚೆನ್ನಾಗಿ ಹರಡಿದ ಅಮೆರಿಕದಲ್ಲಿ ಈಗ ಮಕ್ಕಳನ್ನು ವಾಂತಿಭೇದಿಯಿಂದ ವೈದ್ಯರ ಬಳಿಗೆ ತರುವ ಮುಖ್ಯ ವೈರಸ್ಸು ನೋರೋ. ಇದಕ್ಕೆ ಇನ್ನೂ ಲಸಿಕೆ ಬಂದಿಲ್ಲ. ಆಲ್ಕೊಹಾಲ್ ಸ್ಯಾನಿಟೈಜರ್‌ಗೂ ಇದು ಅಷ್ಟಾಗಿ ಜಗ್ಗುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದೇ ಸರಿಯಾದ ದಾರಿ. ಮಿಕ್ಕ ವೈರಸ್ಸುಗಳ ಉಪದ್ರವ ಸಾಮಾನ್ಯವಾಗಿ ಇವೆರಡಕ್ಕಿಂತ ಕಡಿಮೆ.

ಯಾವ ವೈರಸ್ಸೇ ಇರಲಿ, ಚಿಕಿತ್ಸೆ ಒಂದೇ: ಹೋದ ನೀರು, ಉಪ್ಪನ್ನು ಬಾಯಿಂದ ತುಂಬುವುದು. ಆ ಚಿಕಿತ್ಸೆ ತನ್ನ ಶಕ್ತಿ ತೋರಿಸಿದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಗಡಿಯ ಬಂಗಾಂವ್ ಎಂಬಲ್ಲಿ. ಬಾಂಗ್ಲಾ ವಿಮೋಚನೆಯ ಯುದ್ಧದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಿದ್ದರು, ಕಾಲರಾ ಹರಡಿತ್ತು. ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು, ಏರಿಸಬಲ್ಲ ಕೈಗಳೂ ಕಡಿಮೆ. ಅಲ್ಲಿದ್ದ ವೈದ್ಯ ದಿಲೀಪ್ ಮಹಾಲನೊಬಿಸ್ ಬಾಯಿಂದಲೇ ಕುಡಿಸಲು ನಿರ್ಧರಿಸಿದರು. ಕರುಳು ಉಪ್ಪನ್ನು ಒಂಟಿಯಾಗಿ ಸರಿಯಾಗಿ ಹೀರದಿದ್ದಾಗಲೂ ಗ್ಲೂಕೋಸ್ ಜೊತೆಗಿದ್ದರೆ ಹೀರುತ್ತದೆ, ಅವೆರಡರ ಬೆನ್ನಿಗೆ ನೀರು ಹೋಗುತ್ತದೆ ಎಂಬುದನ್ನು ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ್ದರು. ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಇದನ್ನು ರೋಗಿಗಳಲ್ಲಿ ತೋರಿಸಿದ್ದರು. ಅದನ್ನು ಆಸ್ಪತ್ರೆಯ ಹಾಸಿಗೆಯಿಂದ ಬಯಲಿಗೆ ತಂದದ್ದು ಬಂಗಾಂವ್. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ. ಕಲ್ಕತ್ತೆಯಲ್ಲಿ ತೂಗಿ, ಪಾಲಿಥೀನ್ ಚೀಲಕ್ಕೆ ಹಾಕಿ, ಬಿಸಿ ಇಸ್ತ್ರಿಯಿಂದ ಬಾಯಿ ಅಂಟಿಸಿ ಕಳಿಸಿದರು. ಬಂಗಾಂವಿನಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ನೀರಿಗೆ ಕಲಸಿಟ್ಟರು. ಮನೆಯವರು ಲೋಟದಲ್ಲಿ ಹಿಡಿದು ತಮ್ಮವರಿಗೆ ತಾವೇ ಕುಡಿಸಿದರು. ಲೀಟರಿಗೆ ಬಿದ್ದ ಖರ್ಚು 11 ಪೈಸೆ. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ಅವರ ಕೈಯಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಮಹಾಲನೊಬಿಸ್ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು.

ಕಾಲರಾ ಬ್ಯಾಕ್ಟೀರಿಯಾದ ಕಾಯಿಲೆಯಲ್ಲವೆ, ವೈರಸ್ಸಿನ ಭೇದಿಗೆ ಅದೇ ಹೇಗೆ ಸಾಕು ಎಂಬ ಪ್ರಶ್ನೆ ಸಹಜ. ರೋಟಾ ಕರುಳಿನ ಎಲ್ಲ ಎಳೆಗಳನ್ನೂ ಒಂದೇ ಸಲ ಕೆಡಿಸುವುದಿಲ್ಲ. ಅಲ್ಲಲ್ಲಿ ಉಳಿದ ಕೋಶಗಳು ಉಪ್ಪು, ಗ್ಲೂಕೋಸನ್ನು ಒಟ್ಟಾಗಿ ಹೀರುತ್ತಲೇ ಇರುತ್ತವೆ. ಆ ಉಳಿದ ಬಾಗಿಲಿನಿಂದಲೇ ನೀರನ್ನು ಒಳಗೆ ಬಿಡಬಹುದು. ಈಗಿನ ಓಆರ್‌ಎಸ್ ಪೊಟ್ಟಣ ಬಂಗಾಂವಿನದಕ್ಕಿಂತ ತೆಳು. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಸಿಟ್ರೇಟ್. ಮಕ್ಕಳಲ್ಲಿ ಇದು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆಂದು ಕಂಡುಬಂದ ಮೇಲೆ 2002ರಿಂದ ಈ ಸೂತ್ರ ಬಳಕೆಗೆ ಬಂತು.

ಕುಡಿಸುವ ಬಗೆಯಲ್ಲಿ ಎಡವುವವರು ಬಹಳ. ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತದೆ: ಒಂದು ಲೀಟರಿನದು, 200 ಮಿಲಿಲೀಟರಿನದು. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಅದು ಮಗುವಿಗೆ ಅಪಾಯಕಾರಿ ಉಪ್ಪುನೀರು. ದಿನಕ್ಕಿಷ್ಟು ಎಂದು ಚಮಚದಲ್ಲಿ ತೆಗೆದು ಕಲಸಿದರೆ ಯಾವ ಅಳತೆಯೂ ಉಳಿಯುವುದಿಲ್ಲ. ಪೊಟ್ಟಣದ ಮೇಲೆ ಬರೆದಷ್ಟು ಕುಡಿಯುವ ನೀರಿಗೆ ಇಡೀ ಪೊಟ್ಟಣ ಹಾಕಬೇಕು. ಸಕ್ಕರೆ ಸೇರಿಸಬಾರದು, ಕಲಸಿದ ಮೇಲೆ ಕುದಿಸಬಾರದು, 24 ಗಂಟೆ ಕಳೆದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು, ಒಂದೊಂದೇ ಚಮಚ ಮತ್ತೆ ಶುರುಮಾಡಬೇಕು. ‘ಕುಡಿಸಿದ್ದೆಲ್ಲ ಹೊರಗೆ ಬರ್ತಿದೆ’ ಎಂದು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸ್ವಲ್ಪವಾದರೂ ಒಳಗೆ ಉಳಿದೇ ಉಳಿಯುತ್ತದೆ. ಎದೆಹಾಲು ನಿಲ್ಲಿಸಬಾರದು. ಮೇಲೂಟ ಶುರುವಾಗಿದ್ದರೆ ಗಂಜಿ, ರಾಗಿ ಸರಿ, ಮೆತ್ತಗಿನ ಅನ್ನ, ಬಾಳೆಹಣ್ಣು ಸ್ವಲ್ಪಸ್ವಲ್ಪವಾಗಿ ಮುಂದುವರಿಯಲಿ. ಹೊಟ್ಟೆಗೆ ವಿಶ್ರಾಂತಿ ಎಂದು ಉಪವಾಸ ಕೆಡವಿದರೆ ಕರುಳಿಗೆ ಹೊಸ ಕೋಶ ಕಟ್ಟಲು ಏನೂ ಸಿಗುವುದಿಲ್ಲ. ಜೊತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಶಿಶುವಿಗೆ 10 ಮಿಲಿಗ್ರಾಂ, ಭೇದಿ ನಿಂತ ಮೇಲೂ ಬಿಡದೆ ಹದಿನಾಲ್ಕು ದಿನ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಕುಡಿಯಲಾಗದಷ್ಟು ಮಂಪರು, ಆರು ಗಂಟೆಯಾದರೂ ಮೂತ್ರವಿಲ್ಲ, ಗುಳಿಬಿದ್ದ ಕಣ್ಣು ಇವುಗಳಲ್ಲಿ ಒಂದು ಕಂಡರೂ, ಅಥವಾ ಮಗು ಎರಡು ತಿಂಗಳೊಳಗಿನದಾದರೆ, ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಡ್ರಿಪ್ ಬೇಕಾಗುವುದು ಅಂಥ ಮಕ್ಕಳಿಗೆ.

ಇನ್ನೊಂದು ಎಚ್ಚರ. ಟೆಟ್ರಾ ಪ್ಯಾಕಿನಲ್ಲಿ ಬರುವ, ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪಾನೀಯಗಳು ಬಹಳ ಕಾಲ ಓಆರ್‌ಎಸ್ ಹೆಸರು ಹೊತ್ತು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. ಅತಿ ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಮಕ್ಕಳ ವೈದ್ಯರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸದಂತೆ ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡುವುದು ಒಳ್ಳೆಯದು.

ಇಷ್ಟು ಅಗ್ಗದ, ಇಷ್ಟು ಪರೀಕ್ಷೆಗೊಳಗಾದ ಮದ್ದು ಎಷ್ಟು ಮಕ್ಕಳಿಗೆ ಸಿಗುತ್ತಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಪಡೆದವರು ನೂರಕ್ಕೆ 60 ಚಿಲ್ಲರೆ, ಜಿಂಕ್ ಪಡೆದವರು 30 ಚಿಲ್ಲರೆ. ಉಳಿದವರಲ್ಲಿ ಎಷ್ಟೋ ಮಂದಿಯ ಕೈಗೆ ಬರುವುದು ಆ್ಯಂಟಿಬಯೋಟಿಕ್ ಸಿರಪ್ಪು. ವೈರಸ್ಸಿನ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ, ಕೆಲವೊಮ್ಮೆ ಭೇದಿಯನ್ನೇ ಉದ್ದಮಾಡುತ್ತದೆ, ನಾಳೆ ನಿಜವಾಗಿ ಬೇಕಾದಾಗ ಕೆಲಸಕ್ಕೆ ಬಾರದಂತಾಗುತ್ತದೆ.

ಹೀಗೇಕೆ ಆಗುತ್ತದೆ ಎಂಬುದನ್ನು ಹುಡುಕಲು ನಡೆದ ಒಂದು ದೊಡ್ಡ ಪ್ರಯೋಗದ ಕಣ ನಮ್ಮ ಕರ್ನಾಟಕವೇ. ಜಕಾರಿ ವಾಗ್ನರ್, ಮನೋಜ್ ಮೋಹನನ್, ನೀರಜ್ ಸೂದ್ ಮತ್ತು ಸಂಗಡಿಗರು ಕರ್ನಾಟಕ, ಬಿಹಾರಗಳ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ವೈದ್ಯರು, ಔಷಧಿ ಕೊಡುವವರ ಬಳಿಗೆ ತರಬೇತಾದ ನಟರನ್ನು ಕಳಿಸಿದರು. ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಗಿದೆ ಎಂದು ಅವರು ಹೇಳಬೇಕು. ಹೇಳುವ ಲಕ್ಷಣಗಳು ವೈರಸ್ಸಿನ ಭೇದಿಯವು, ಆ್ಯಂಟಿಬಯೋಟಿಕ್ ಬೇಕಿಲ್ಲದವು. ಕೆಲವರು ಏನನ್ನೂ ಕೇಳದೆ ಸುಮ್ಮನೆ ನಿಂತರು. ಕೆಲವರು ಮೊಬೈಲಿನಲ್ಲಿ ಓಆರ್‌ಎಸ್ ಪೊಟ್ಟಣದ ಚಿತ್ರ ತೋರಿಸಿ, ಹಿಂದಿನ ಸಲ ಇದನ್ನು ಕೊಟ್ಟಿದ್ದೆವು ಅಂದರು. ಕೆಲವು ಅಂಗಡಿಗಳಿಗೆ ಓಆರ್‌ಎಸ್ ದಾಸ್ತಾನನ್ನು ಮುಂಚೆಯೇ ತಲುಪಿಸಿದ್ದರು. ಫಲಿತಾಂಶ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಓಆರ್‌ಎಸ್ ಕೊಡದೇ ಇರುವುದಕ್ಕೆ ದಾಸ್ತಾನಿಲ್ಲದಿರುವುದು ನೂರಕ್ಕೆ ಆರರಷ್ಟು ಮಾತ್ರ ಕಾರಣ, ಬೇರೆ ಔಷಧಿ ಮಾರಿದರೆ ಸಿಗುವ ಲಾಭ ಐದರಷ್ಟು. ನಲವತ್ತೆರಡರಷ್ಟಕ್ಕೆ ಕಾರಣ ಬೇರೆಯೇ: ಬಂದವರಿಗೆ ಓಆರ್‌ಎಸ್ ಬೇಕಿಲ್ಲ, ಅದನ್ನು ಕೊಟ್ಟರೆ ಇದೇನು ಔಷಧಿ ಎಂದು ಅಸಮಾಧಾನಪಡುತ್ತಾರೆ ಎಂಬ ವೈದ್ಯರ ಊಹೆ. ಚಿತ್ರ ತೋರಿಸಿ ಬಾಯಿಬಿಟ್ಟು ಕೇಳಿದವರಿಗೆ ಓಆರ್‌ಎಸ್ ಸಿಗುವ ಪ್ರಮಾಣ ನೂರಕ್ಕೆ 27ರಷ್ಟು ಹೆಚ್ಚಿತು. ಅಂಗಡಿಗೆ ದಾಸ್ತಾನು ತುಂಬಿಸಿದ್ದರಿಂದ ಅಷ್ಟು ಲಾಭವಾಗಲಿಲ್ಲ.

ಆದ್ದರಿಂದ ಈ ಸಭೆಯಿಂದ ಹೊರಡುವ ಅಜ್ಜ ಅಜ್ಜಿಯರು, ತಾಯಿ ತಂದೆಯರು, ಅಂಗನವಾಡಿ ಕಾರ್ಯಕರ್ತೆಯರು ಒಂದು ಕೆಲಸ ಮಾಡಬಹುದು. ಮಗುವಿಗೆ ನೀರಿನಂತೆ ಭೇದಿಯಾದಾಗ ಕ್ಲಿನಿಕ್ಕಿನಲ್ಲೋ ಔಷಧಿ ಅಂಗಡಿಯಲ್ಲೋ ‘ಏನಾದ್ರೂ ಕೊಡಿ’ ಎಂದು ನಿಲ್ಲುವ ಬದಲು, ‘ಡಾಕ್ಟ್ರೇ, ಮಲದಲ್ಲಿ ರಕ್ತ ಇಲ್ಲ, ಓಆರ್‌ಎಸ್ಸೂ ಜಿಂಕೂ ಬರ್ಕೊಡಿ, ಆ್ಯಂಟಿಬಯೋಟಿಕ್ ನಿಜವಾಗ್ಲೂ ಬೇಕಾ ನೋಡಿ’ ಎಂದು ಹೆಸರು ಹಿಡಿದು ಕೇಳಲಿ. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಎರಡು ಪೊಟ್ಟಣ ಮೊದಲೇ ತಂದಿಟ್ಟುಕೊಳ್ಳಲಿ. ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವು ಪುಕ್ಕಟೆ ಸಿಗುತ್ತವೆ. ರೋಟಾ ಲಸಿಕೆಯ ಮೊದಲ ಡೋಸು ಆರನೆಯ ವಾರದಲ್ಲಿ ತಪ್ಪಿಹೋಗಿದ್ದರೂ ಮಗುವಿಗೆ ಒಂದು ವರ್ಷ ತುಂಬುವ ತನಕ ಸರ್ಕಾರಿ ಕಾರ್ಯಕ್ರಮದಲ್ಲಿ ಶುರುಮಾಡಲು ಅವಕಾಶವಿದೆ. ಲಸಿಕೆ ಹಾಕುವ ದಿನ ಕಾರ್ಡು ತೆಗೆದುಕೊಂಡು ಹೋಗಿ ಕೇಳಿದರೆ ಹಾಕುತ್ತಾರೆ.